ನಾಗವರ್ಮರು ಎಷ್ಟು ಮಂದಿ?



ನಾನು ಬಾಲ್ಯವನ್ನು ಕಳೆದ ಬೀದಿಯಲ್ಲಿ ಒಂದೇ ಹೆಸರಿನ ಇಬ್ಬರು ಗೃಹಸ್ಥರಿದ್ದರು. ಒಬ್ಬರು ಪಂಡಿತರು, ಮತ್ತೊಬ್ಬರು ಅಡಕೆಯ ವ್ಯಾಪಾರಿಗಳು. ಪಂಡಿತರು ಒಂದು ಪುಸ್ತಕವನ್ನು ಬರೆದು ಅಚ್ಚುಹಾಕಿಸಿದ ವರ್ಷ, ಅದನ್ನು ಮನಸಾರ ಹೊಗಳಿ ದೂರದ ಊರಿನಿಂದ ಬಂದ ಕಾಗದವೊಂದು ವ್ಯಾಪಾರಿಗಳ ಮನೆಯನ್ನು ಸೇರಿತು. ಅವರು ಅದನ್ನು ಓದಿ ನಕ್ಕರು. ಉತ್ತರೀಯವನ್ನು ಹೆಗಲಿಗೇರಿಸಿಕೊಂಡು ತಾವೇ ಹೋಗಿ ಅದನ್ನು ಸಲ್ಲಬೇಕಾದವರ ಕೈಗೆ ಸಲ್ಲಿಸಿ ಬಂದರು. ಇಬ್ಬರೂ ಬದುಕಿದ್ದವರಾದ್ದರಿಂದ ತಪ್ಪು ಅರ್ಧ ಗಳಿಗೆಯೊಳಗೆ ಸರಿಹೋಯಿತು. ಆದರೆ ಒಂದೇ ಹೆಸರಿನವರು ಕಾಲವಾಗಿ ಒಂಬೈನೂರು, ಸಾವಿರ ವರ್ಷಗಳಾಗಿದ್ದರೆ ಕಾಗದವನ್ನು ಯಾರ ಬಾಗಿಲಿಗೆ ಮುಟ್ಟಿಸಬೇಕೆಂದು ಹೇಳುವವರು ಯಾರು? ಈ ಹೊತ್ತು ನಾನು ತಮ್ಮ ಮುಂದಿಡಬೇಕೆಂದಿರುವುದು ಇಂತಹ ಒಂದು ಪ್ರಶ್ನೆಯನ್ನು.

ಹಳಗನ್ನಡದ ಪುಸ್ತಕಗಳಿರುವ ಒಂದು ಕಪಾಟನ್ನು ತೆರೆದು, ನಾಗವರ್ಮನೆಂಬ ಹೆಸರನ್ನು ಹೊತ್ತ ಗ್ರಂಥಗಳನ್ನು ಮಾತ್ರ ಆರಿಸಿ ಒಂದು ಸಾಲಿನಲ್ಲಿ ಇಟ್ಟೆವೆಂದು ಭಾವಿಸೋಣ. ಛಂದೋಂಬುಧಿ, ಕರ್ಣಾಟಕ ಕಾದಂಬರಿ, ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶ, ವರ್ಧಮಾನಪುರಾಣ, ಚಂದ್ರಚೂಡಾಮಣಿಶತಕ - ಹೀಗೆ ಏಳು ಗ್ರಂಥಗಳು ಸಾಲುಗೂಡುತ್ತವೆ. ಒಂದು ಛಂದಸ್ಸು, ಒಂದು ಪ್ರೇಮಕಥೆ, ಒಂದು ಅಲಂಕಾರಶಾಸ್ತ್ರ, ಒಂದು ವ್ಯಾಕರಣ, ಒಂದು ನಿಘಂಟು, ಒಂದು ಜಿನಪುರಾಣ, ಒಂದು ಶಿವಪರವಾದ ಶತಕ. ಒಂದು ಭಾಷೆಗೆ ಬೇಕಾದ ವಿದ್ಯೆಗಳೆಲ್ಲ ಬಹುಮಟ್ಟಿಗೆ ಈ ಒಂದು ಸಾಲಿನಲ್ಲಿಯೇ ಉಂಟು. ಇವೆಲ್ಲವೂ ಒಬ್ಬನ ಕೃತಿಗಳಾದರೆ ಅಂಥವನು ಕನ್ನಡದಲ್ಲಿ ಮತ್ತೊಬ್ಬನಿಲ್ಲ. ಆದರೆ ಇವು ಒಬ್ಬನವಲ್ಲ. ಎಷ್ಟು ಜನರವು ಎಂಬುದೇ ವಿಚಾರ.

ನಮ್ಮ ದೇಶದಲ್ಲಿ ಹೆಸರುಗಳು ಮರುಕಳಿಸುವುದು ಆಶ್ಚರ್ಯವಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಹಿಂದಿನಿಂದಲೂ ಬಂದದ್ದು. ವರ್ಮ ಎಂಬುದು ಕ್ಷತ್ರಿಯರಿಗೇ ಸಲ್ಲುವ ಉತ್ತರಪದವೆಂದು ನಾವು ಪಾಠಶಾಲೆಯಲ್ಲಿ ಕಲಿತಿದ್ದರೂ ಹಳಗನ್ನಡದ ಕವಿಗಳು ಆ ನಿಯಮಕ್ಕೆ ಕಟ್ಟುಬಿದ್ದವರಲ್ಲ. ನಮ್ಮ ನಾಗವರ್ಮರಲ್ಲಿ ಮೊದಲನೆಯವನೇ ಬ್ರಾಹ್ಮಣ ಮನೆತನದವನು. ಗುಣವರ್ಮರೂ ಇಬ್ಬರು: ಒಬ್ಬನು 900ರ ಸುಮಾರಿನವನು, ಅವನ ಕೃತಿಗಳು ನಮಗೆ ಪೂರ್ಣವಾಗಿ ದೊರೆತಿಲ್ಲ, ಇನ್ನೊಬ್ಬನು ಅವನಿಗೆ ಮುನ್ನೂರು ವರ್ಷಗಳಿಗಿಂತಲೂ ಈಚಿನವನು, ಪುಷ್ಪದಂತಪುರಾಣವನ್ನು ಬರೆದವನು. ಇವರನ್ನು ಮೊದಲನೆಯ, ಎರಡನೆಯ ಎಂದು ಎಣಿಸುವುದು ನಮ್ಮ ಕಾಲದ ವ್ಯವಸ್ಥೆ. ಯಾವ ತಾಯಿಯೂ ತನ್ನ ಮಗನನ್ನು ಎರಡನೆಯ ನಾಗವರ್ಮನೆಂದು ಕರೆಯಲಿಲ್ಲ. ತಾಳೆಗರಿಯ ಮೇಲೆ ಪ್ರತಿಮಾಡಿದ ಲಿಪಿಕಾರನೂ ನಾಗವರ್ಮವಿರಚಿತ ಎಂದಷ್ಟೇ ಬರೆದು ಕಂಠವನ್ನು ಕೆಳಗಿಟ್ಟನು. ಅವನ ಕಾಲದ ಓದುಗರಿಗೆ ಅಷ್ಟು ಸಾಕಾಗಿತ್ತು, ನಮಗೆ ಸಾಲದು.

ಮೊದಲು ಛಂದೋಂಬುಧಿಯನ್ನು ಕೈಗೆತ್ತಿಕೊಳ್ಳೋಣ. ಕನ್ನಡ ಛಂದಸ್ಸನ್ನು ಕುರಿತು ನಮಗೆ ದೊರೆತಿರುವ ಗ್ರಂಥಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದದ್ದು. ಸುಮಾರು 990ನೆಯ ಇಸವಿಯದೆಂದು ಎಣಿಕೆ. ಇದರ ಕರ್ತೃವಿನ ಮನೆತನ ವೆಂಗಿಯ ನಾಡಿನಿಂದ ಬಂದದ್ದು. ತಂದೆ ವೆಣ್ಣಮಯ್ಯ, ತಾಯಿ ಪೋಳಕಬ್ಬೆ. ಆಶ್ರಯವಿತ್ತವನು ಗಂಗವಂಶದ ರಕ್ಕಸಗಂಗ. ಈ ಪುಸ್ತಕದ ಸೊಗಸೇನೆಂದರೆ, ಶಾಸ್ತ್ರವೆಲ್ಲವನ್ನೂ ಕವಿಯು ತನ್ನ ಹೆಂಡತಿಗೆ ಹೇಳುವಂತೆ ಸಂಬೋಧಿಸಿ ಬರೆದಿದ್ದಾನೆ. ಗಣಗಳನ್ನೂ ಯತಿಯನ್ನೂ ಪ್ರಸ್ತಾರವನ್ನೂ ಗೃಹಿಣಿಗೆ ಒಪ್ಪಿಸುವ ಗಂಡನು ಲೋಕದಲ್ಲಿ ಅಪರೂಪ. ಅದನ್ನು ಕೇಳುವ ಹೆಂಡತಿ ಇನ್ನೂ ಅಪರೂಪ. ವಿನೋದದ ಮಾತಿರಲಿ. ಸಂಸ್ಕೃತದ ಪಿಂಗಲನ ದಾರಿಯಲ್ಲಿ ವೃತ್ತಗಳನ್ನು ನಿರೂಪಿಸಿ ಅಷ್ಟಕ್ಕೇ ನಿಂತಿದ್ದರೆ ಇವನು ಅನುವಾದಕನೆನಿಸಿಕೊಳ್ಳುತ್ತಿದ್ದನು. ಹಾಗೆ ನಿಲ್ಲದೆ ತ್ರಿಪದಿ, ಏಳೆ, ಚೌಪದಿ, ಷಟ್ಪದಿ, ಅಕ್ಕರಗಳು, ಗೀತಿಕೆ ಎಂಬ ನಮ್ಮ ದೇಶೀಯ ಮಟ್ಟುಗಳಿಗೂ ಬ್ರಹ್ಮಗಣ, ವಿಷ್ಣುಗಣ, ರುದ್ರಗಣಗಳೆಂಬ ಅಳತೆಯನ್ನು ಹೇಳಿ ಲಕ್ಷಣವನ್ನು ಬರೆದನು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗೆ ಶಾಸ್ತ್ರದ ಮಣೆ ದೊರೆತದ್ದು ಈ ಗ್ರಂಥದಲ್ಲಿ.

ಎರಡನೆಯದು ಕರ್ಣಾಟಕ ಕಾದಂಬರಿ. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣನು ಆರಂಭಿಸಿ, ಅವನ ತರುವಾಯ ಅವನ ಮಗನು ಮುಗಿಸಿದ ಸಂಸ್ಕೃತ ಗದ್ಯಕಾವ್ಯವನ್ನು ನಾಗವರ್ಮನು ಕನ್ನಡದಲ್ಲಿ ಚಂಪುವಾಗಿ ಹೇಳಿದ್ದಾನೆ. ಬಾಣನ ಒಂದೊಂದು ವಾಕ್ಯವೂ ಪುಟಗಟ್ಟಲೆ ಹರಿಯುವಂತಹುದು. ಅದನ್ನು ಕಂದವೃತ್ತಗಳ ಪಾತ್ರೆಯಲ್ಲಿ ಹಿಡಿದಿಟ್ಟು, ಬೇಕಾದಲ್ಲಿ ಮೊಟಕುಮಾಡಿ, ಕಥೆಯ ಸುಳಿವು ತಪ್ಪದಂತೆ ನಡೆಸಿರುವ ಜಾಣ್ಮೆಯನ್ನು ಓದಿದವರೆಲ್ಲರೂ ಮೆಚ್ಚಿದ್ದಾರೆ. ಭೋಜರಾಜನು ಈ ಕವಿಗೆ ಜಾತಿಯ ಕುದುರೆಗಳನ್ನು ಬಹುಮಾನವಾಗಿ ಕೊಟ್ಟನೆಂಬ ಹೇಳಿಕೆಯೂ ಉಂಟು.

ಛಂದೋಂಬುಧಿಯನ್ನೂ ಕಾದಂಬರಿಯನ್ನೂ ಬರೆದವನು ಒಬ್ಬನೇ ಎಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಆದರೆ ಇದನ್ನು ಎಲ್ಲರೂ ಒಪ್ಪಿಲ್ಲ. ಗೋವಿಂದ ಪೈಗಳಂತಹ ವಿದ್ವಾಂಸರು ಇವರಿಬ್ಬರೂ ಬೇರೆ ಬೇರೆ ಎಂದು ವಾದಿಸಿದ್ದಾರೆ. ಒಬ್ಬನ ಪೋಷಕನು ರಕ್ಕಸಗಂಗ. ಮತ್ತೊಬ್ಬನ ಕೃತಿಯಲ್ಲಿ ಕೇಳಿಬರುವ ಒಡೆಯನ ಹೆಸರು ಚಂದ್ರ. ಆದಕಾರಣ ಸಾಲಿನ ಮೊದಲ ಎರಡು ಪುಸ್ತಕಗಳ ನಡುವೆಯೇ ಒಂದು ಸಂದೇಹದ ಬೆರಳನ್ನು ಇಟ್ಟು ನಾವು ಮುಂದುವರಿಯಬೇಕಾಗಿದೆ.

ಮುಂದಿನ ಮೂರು ಗ್ರಂಥಗಳಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ. ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶ - ಈ ಮೂರೂ ದಾಮೋದರನ ಮಗನಾದ ನಾಗವರ್ಮನವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ತಂದೆ ವೆಣ್ಣಮಯ್ಯನಲ್ಲ, ದಾಮೋದರ. ಆಶ್ರಯ ಗಂಗರದಲ್ಲ, ಚಾಲುಕ್ಯರದು. ಇಷ್ಟರಿಂದಲೇ ಇವನು ಬೇರೆಯವನೆಂದು ತಿಳಿಯುತ್ತದೆ. ಇಂದು ಇದು ಸುಲಭವಾಗಿ ತೋರಬಹುದು. ಆದರೆ 1875ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ಛಂದೋಂಬುಧಿಯನ್ನು ಅಚ್ಚುಹಾಕಿಸಿದಾಗ, 1884ರಲ್ಲಿ ರೈಸರು ಬೆಂಗಳೂರಿನಲ್ಲಿ ಭಾಷಾಭೂಷಣವನ್ನು ಹೊರತಂದಾಗ, ತಾಳೆಗರಿಗಳು ಇನ್ನೂ ಮಠಗಳಲ್ಲಿಯೂ ಬಸದಿಗಳಲ್ಲಿಯೂ ಮನೆಯ ಅಟ್ಟಗಳಲ್ಲಿಯೂ ಚದರಿದ್ದವು. ಇಂದು ನಾವು ಒಂದೇ ಮೇಜಿನ ಮೇಲೆ ಹರಡಿಕೊಂಡು ಹೋಲಿಸುವ ಪುಸ್ತಕಗಳನ್ನು ಆಗ ಒಬ್ಬನು ಒಟ್ಟಿಗೆ ಕಾಣುವುದೇ ದುರ್ಲಭವಾಗಿತ್ತು. ಆ ಗರಿಗಳನ್ನು ಹುಡುಕಿ, ಓದಿ, ಒಬ್ಬೊಬ್ಬ ಕವಿಯ ತಂದೆತಾಯಿ, ಗುರು, ಒಡೆಯ, ಬಿರುದು, ಮತ ಇವುಗಳನ್ನು ಪಟ್ಟಿಮಾಡಿ ಬೇರ್ಪಡಿಸಿದ ದೊಡ್ಡ ಕೆಲಸ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯದು. 1907, 1919, 1929 - ಈ ಮೂರು ವರ್ಷಗಳಲ್ಲಿ ಅದರ ಮೂರು ಸಂಪುಟಗಳು ಹೊರಬಂದವು. ಕನ್ನಡ ಕವಿಗಳ ಕಾಗದಗಳನ್ನು ಅವರವರ ಬಾಗಿಲಿಗೆ ಮುಟ್ಟಿಸುವ ಕೆಲಸ ಕ್ರಮವಾಗಿ ಮೊದಲಾದದ್ದು ಅಲ್ಲಿಂದ.

ದಾಮೋದರನ ಮಗನು ಮಾಡಿದ ಕೆಲಸವೆಷ್ಟೆಂಬುದನ್ನು ನೋಡೋಣ. ಕಾವ್ಯಾವಲೋಕನಕ್ಕೆ ಐದು ಅಧಿಕರಣಗಳು. ಮೊದಲನೆಯದಾದ ಶಬ್ದಸ್ಮೃತಿಯು ಕನ್ನಡ ವ್ಯಾಕರಣ. ಕನ್ನಡದಲ್ಲಿಯೇ ಬರೆದ ಕನ್ನಡ ವ್ಯಾಕರಣಗಳಲ್ಲಿ ನಮಗೆ ಉಳಿದುಬಂದಿರುವ ಮೊದಲನೆಯದು ಇದೇ. ಮುಂದಿನವುಗಳಲ್ಲಿ ಕಾವ್ಯದ ದೋಷಗಳು, ಗುಣಗಳು, ರೀತಿ ಮತ್ತು ರಸ, ಕವಿಸಮಯ ಇವುಗಳ ನಿರೂಪಣೆ. ಲಕ್ಷಣವನ್ನು ಹೇಳಿದೆಡೆಗಳಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಉದಾಹರಣೆಯಾಗಿ ತರುತ್ತಾನೆ. ಮೂಲಗ್ರಂಥವೇ ಅಳಿದುಹೋಗಿ ಇವನ ಉದಾಹರಣೆಯಲ್ಲಿ ಮಾತ್ರ ಬದುಕಿರುವ ಪದ್ಯಗಳೂ ಅವುಗಳಲ್ಲಿ ಉಂಟು. ಆದರೆ ಆ ಪದ್ಯಗಳ ಕರ್ತೃಗಳ ಹೆಸರನ್ನು ಇವನು ಹೇಳಲಿಲ್ಲ. ಎಲ್ಲರಿಗೂ ತಿಳಿದದ್ದೆಂದು ಭಾವಿಸಿರಬೇಕು. ಇತರರ ಹೆಸರನ್ನು ಹೇಳದೆ ಬಿಟ್ಟವನ ಹೆಸರೇ ಮುಂದೆ ಇನ್ನೊಬ್ಬನ ಹೆಸರಿನೊಡನೆ ಕಲಸಿಹೋದದ್ದು ಕಾಲದ ಒಂದು ವಿಚಿತ್ರ.

ಭಾಷಾಭೂಷಣವು ಕನ್ನಡದ ವ್ಯಾಕರಣವಾದರೂ ಸೂತ್ರಗಳು ಸಂಸ್ಕೃತದಲ್ಲಿವೆ. ಒಂದು ವ್ಯಾಕರಣವನ್ನು ಕನ್ನಡದಲ್ಲಿ ಬರೆದವನು ಮತ್ತೊಂದನ್ನು ಸಂಸ್ಕೃತದಲ್ಲಿ ಏಕೆ ಬರೆದನು? ಒಂದು ಕನ್ನಡಿಗರಿಗಾಗಿ, ಇನ್ನೊಂದು ಪಂಡಿತಲೋಕಕ್ಕಾಗಿ ಎಂದು ಊಹಿಸಬಹುದು. ಕನ್ನಡವೂ ಸೂತ್ರಕ್ಕೆ ಒಗ್ಗುವ, ನಿಯಮವುಳ್ಳ ಭಾಷೆಯೆಂದು ಸಂಸ್ಕೃತಜ್ಞರ ಸಭೆಯಲ್ಲಿ ಅವರ ಮಾತಿನಲ್ಲಿಯೇ ಹೇಳುವುದು ಆ ಕಾಲದಲ್ಲಿ ಸಣ್ಣ ವಿಷಯವಲ್ಲ. ಕಾತಂತ್ರ ವ್ಯಾಕರಣವನ್ನು ರಚಿಸಿದ ಶರ್ವವರ್ಮನನ್ನು ನೆನಪಿಗೆ ತರುವ ಅಭಿನವಶರ್ವವರ್ಮ ಎಂಬ ಬಿರುದು ಇವನಿಗೆ ಒಪ್ಪುವಂತಹುದೇ ಸರಿ. ವಸ್ತುಕೋಶವು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯರೂಪದ ನಿಘಂಟು. ಇದಕ್ಕೆ ಮೊದಲು ರನ್ನನ ಹೆಸರಿನ ಒಂದು ಕೋಶದ ಕೆಲವೇ ಪದ್ಯಗಳು ನಮಗೆ ಉಳಿದಿವೆ. ವಿಸ್ತಾರವಾದ ನಿಘಂಟುಗಳಲ್ಲಿ ಇದೇ ಮೊದಲನೆಯದು. ಹೀಗೆ ವ್ಯಾಕರಣ, ಅಲಂಕಾರ, ನಿಘಂಟು - ಮೂರನ್ನೂ ಒಬ್ಬನೇ ಕಟ್ಟಿಕೊಟ್ಟನು. ಹದಿಮೂರನೆಯ ಶತಮಾನದ ಕೇಶಿರಾಜನೂ 1604ರಲ್ಲಿ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕನೂ ನಡೆದ ದಾರಿಯನ್ನು ಮೊದಲು ಸಮಮಾಡಿದವನು ಇವನು.

ಇವನ ಕಾಲ ಯಾವುದು? ಇಲ್ಲಿಯೇ ತೊಡಕು ಇಮ್ಮಡಿಯಾಗುತ್ತದೆ. ಇವನು ಜಗದೇಕಮಲ್ಲನೆಂಬ ಚಾಲುಕ್ಯ ಚಕ್ರವರ್ತಿಯ ಕಟಕೋಪಾಧ್ಯಾಯನಾಗಿದ್ದನು, ಎಂದರೆ ರಾಜನ ಬೀಡಿನ ಗುರುವಾಗಿದ್ದನು. ಒಳ್ಳೆಯದು, ದೊರೆಯ ಕಾಲ ತಿಳಿದರೆ ಕವಿಯ ಕಾಲವೂ ತಿಳಿಯಬೇಕಷ್ಟೆ. ಆದರೆ ಜಗದೇಕಮಲ್ಲರೂ ಇಬ್ಬರು! ಒಬ್ಬನು 1015ರಿಂದ ಸುಮಾರು 1042ರವರೆಗೆ ಆಳಿದ ಜಯಸಿಂಹನು. ಜಗದೇಕಮಲ್ಲನೆಂಬುದು ಅವನ ಬಿರುದು. ಇನ್ನೊಬ್ಬನು 1138ರಿಂದ ಸುಮಾರು 1150ರವರೆಗೆ ಆಳಿದವನು. ಕವಿಯ ಹೆಸರು ಬಿಡಿಸಲು ದೊರೆಯ ಮನೆಗೆ ಹೋದರೆ ಅಲ್ಲಿಯೂ ಅದೇ ಗಂಟು. ನರಸಿಂಹಾಚಾರ್ಯರು ಎರಡನೆಯ ಜಗದೇಕಮಲ್ಲನನ್ನೇ ಹಿಡಿದು ಕವಿಯನ್ನು 1145ರ ಸುಮಾರಿನಲ್ಲಿ ಇಟ್ಟರು. ಪಾಠಶಾಲೆಗಳಲ್ಲಿ ಮಕ್ಕಳು ಬಹುಕಾಲ ಕಲಿತದ್ದು ಅದನ್ನೇ.

ಈ ಎರಡು ತೇದಿಗಳ ನಡುವೆ ಇರುವುದು ನೂರು ವರ್ಷ. ಸಾವಿರ ವರ್ಷದ ಸಾಹಿತ್ಯದಲ್ಲಿ ನೂರು ವರ್ಷ ಹೆಚ್ಚೇನು ಎಂದು ತಾವು ಕೇಳಬಹುದು. ಈ ಒಂದು ಸಂದರ್ಭದಲ್ಲಿ ಅದು ಹೆಚ್ಚೇ ಸರಿ. ಪಂಪನು ತನ್ನ ಭಾರತವನ್ನು ಬರೆದದ್ದು 941ರ ಸುಮಾರಿನಲ್ಲಿ. ರನ್ನನು ಬದುಕಿದ್ದುದು ಆ ಶತಮಾನದ ಕೊನೆಯಲ್ಲಿ. ನಾಗವರ್ಮನು ಜಯಸಿಂಹನ ಕಾಲದವನಾದರೆ, ಅವನು ಲಕ್ಷಣ ಹೇಳಿದ ಹಳಗನ್ನಡವು ಆಗತಾನೆ ಮಹಾಕವಿಗಳ ಬಾಯಿಂದ ಇಳಿದದ್ದು, ಇನ್ನೂ ಬಿಸಿಯಾರದ ಭಾಷೆ. ರನ್ನನನ್ನು ಕಂಡಿದ್ದ ವೃದ್ಧರು ಅವನ ಬಾಲ್ಯದಲ್ಲಿ ಇದ್ದಿರಬಹುದು. 1031ರಲ್ಲಿ ಅದೇ ಜಯಸಿಂಹನ ಸಂಧಿವಿಗ್ರಹಿಯಾಗಿ ಕನ್ನಡ ಪಂಚತಂತ್ರವನ್ನು ಬರೆದ ದುರ್ಗಸಿಂಹನು ಅವನ ಸಮಕಾಲದವನಾಗುತ್ತಾನೆ. ಅಂತಹ ವ್ಯಾಕರಣ ಹರಿಯುವ ಹೊಳೆಯ ದಡದಲ್ಲಿ ನಿಂತು ಅದರ ಆಳವನ್ನು ಅಳೆದವನ ಕೆಲಸ.

ಅದನ್ನು ಬಿಟ್ಟು ಅವನನ್ನು 1145ಕ್ಕೆ ತಂದರೆ ಚಿತ್ರವೇ ಬೇರೆ. ಆ ಹೊತ್ತಿಗೆ ಹಳಗನ್ನಡದ ರೂಪಗಳು ಮಾತಿನಿಂದ ಜಾರುತ್ತಿದ್ದವು. ಱೞ ಎಂಬ ಹಳೆಯ ಅಕ್ಷರಗಳ ಪೈಕಿ ೞಕಾರವು ಶಾಸನಗಳಲ್ಲಿ ಸಡಿಲವಾಗುತ್ತಾ ಬಂದಿತ್ತು. ಸ್ವಲ್ಪವೇ ಮುಂದೆ, ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ಜನರಾಡುವ ಕನ್ನಡದಲ್ಲಿ ವಚನಗಳನ್ನು ನುಡಿದರು. ಆ ಕಾಲದಲ್ಲಿ ಕುಳಿತು ಹಳಗನ್ನಡಕ್ಕೆ ವ್ಯಾಕರಣ ಬರೆದವನು ಇಳಿಯುವ ಹೊಳೆಗೆ ಕಟ್ಟೆ ಕಟ್ಟಿದವನಾಗುತ್ತಾನೆ. ಸೂತ್ರಗಳು ಅವೇ, ಉದಾಹರಣೆಗಳು ಅವೇ. ಆದರೆ ಬರೆದವನ ಮನಸ್ಸು ಬೇರೆ. ಒಬ್ಬನು ಕಂಡದ್ದನ್ನು ಹೇಳುವವನು. ಇನ್ನೊಬ್ಬನು ಹೋಗುವುದನ್ನು ಹಿಡಿಯುವವನು. ಗ್ರಂಥದ ಒಂದಕ್ಷರವೂ ಬದಲಾಗದೆ, ಕರ್ತೃವಿನ ಕಾಲ ಬದಲಾದದ್ದರಿಂದ ಮಾತ್ರ, ಗ್ರಂಥದ ಅರ್ಥವೇ ಬದಲಾಗುತ್ತದೆ.

ಈ ಗಂಟನ್ನು ಬಹುಮಟ್ಟಿಗೆ ಸಡಿಲಿಸಿದ್ದು ನಮ್ಮ ಸಾಲಿನ ಆರನೆಯ ಪುಸ್ತಕ. ಇಪ್ಪತ್ತನೆಯ ಶತಮಾನದಲ್ಲಿ ವರ್ಧಮಾನಪುರಾಣವೆಂಬ ಚಂಪು ಬೆಳಕಿಗೆ ಬಂದಿತು. ಕೊನೆಯ ತೀರ್ಥಂಕರನಾದ ಮಹಾವೀರನ ಚರಿತ್ರೆ, ಕರ್ತೃ ನಾಗವರ್ಮ. ಬಿ. ಎಸ್. ಸಣ್ಣಯ್ಯನವರ ಸಂಪಾದಕತ್ವದಲ್ಲಿ 1974ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಅದು ಪ್ರಕಟವಾಯಿತು. ಅದರ ಕಾಲ 1042ನೆಯ ಇಸವಿ, ಎಂದರೆ ಜಯಸಿಂಹ ಜಗದೇಕಮಲ್ಲನ ಆಳ್ವಿಕೆಯ ಕೊನೆ. ಈ ಪುರಾಣವನ್ನು ಬರೆದವನೂ ಕಾವ್ಯಾವಲೋಕನವನ್ನು ಬರೆದವನೂ ಒಬ್ಬನೇ ಎಂದು ಅನೇಕ ವಿದ್ವಾಂಸರು ಒಪ್ಪಿ, ವೈಯಾಕರಣ ನಾಗವರ್ಮನನ್ನು ನೂರು ವರ್ಷ ಹಿಂದಕ್ಕೆ ಕರೆದೊಯ್ದಿದ್ದಾರೆ. ಹಳೆಯ ಎಣಿಕೆಯನ್ನೇ ಹಿಡಿದ ಪುಸ್ತಕಗಳು ಈಗಲೂ ಉಂಟು. ಆದರೆ ತಕ್ಕಡಿ ಯಾವ ಕಡೆಗೆ ಬಾಗಿದೆಯೆಂಬುದು ಸ್ಪಷ್ಟ. ಇದರಿಂದ ನರಸಿಂಹಾಚಾರ್ಯರ ಗೌರವಕ್ಕೆ ಕುಂದಿಲ್ಲ. ಅವರು ಕೈಯಲ್ಲಿದ್ದ ಸಾಕ್ಷ್ಯದಿಂದ ಹೇಳಿದರು. ಸಾಕ್ಷಿಯೊಬ್ಬನು ತಡವಾಗಿ ಬಂದನು. ಚರಿತ್ರೆಯ ನ್ಯಾಯಸ್ಥಾನದಲ್ಲಿ ತೀರ್ಪು ಎಂದಿಗೂ ಕೊನೆಯದಲ್ಲ. ಯಾವುದೋ ಅಟ್ಟದ ಮೇಲಿನ ಒಂದು ಕಟ್ಟು ಗರಿ ಅದನ್ನು ತಿರುಗಿಸಬಲ್ಲದು.

ಏಳನೆಯ ಪುಸ್ತಕವನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಚಂದ್ರಚೂಡಾಮಣಿಶತಕವನ್ನು ಬರೆದವನು ನಾಗವರ್ಮಾಚಾರ್ಯನು. ಕಾಲ 1070ರ ಸುಮಾರು. ಚಾಲುಕ್ಯ ಭುವನೈಕಮಲ್ಲ ಸೋಮೇಶ್ವರನ ಅಧೀನದಲ್ಲಿದ್ದ ಉದಯಾದಿತ್ಯನು ಇವನ ಪೋಷಕ. ಇವನ ಊರು ಬಳ್ಳಿಗಾವೆ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ವೈರಾಗ್ಯವನ್ನು ಬೋಧಿಸುವ ಅದ್ವೈತಿ ಇವನು. ಜಿನಪುರಾಣವನ್ನು ಬರೆದವನೊಡನೆ ಇವನನ್ನು ಬೆರಸುವಂತಿಲ್ಲ. ಆಚಾರ್ಯ ಎಂಬ ಉತ್ತರಪದವೂ ಇವನಿಗೆ ಕಾವಲಾಗಿ ನಿಂತಿದೆ. ಆದರೂ ಒಂದು ವಿಷಯವನ್ನು ನೋಡಿರಿ: ವೈಯಾಕರಣನು 1042ರವನಾದ ಮೇಲೆ ಇವರಿಬ್ಬರಿಗೂ ಇರುವ ಅಂತರ ಮೂವತ್ತು ವರ್ಷಕ್ಕಿಂತ ಹೆಚ್ಚಿಲ್ಲ. ಒಂದೇ ಚಾಲುಕ್ಯರಾಜ್ಯದಲ್ಲಿ, ಒಂದೇ ತಲೆಮಾರಿನ ಅಂಚಿನಲ್ಲಿ, ಒಂದೇ ಹೆಸರಿನ ಇಬ್ಬರು ಗ್ರಂಥಕಾರರು. ಒಂದು ತೊಡಕನ್ನು ಬಿಡಿಸಿದ ಕೈಯೇ ಮತ್ತೊಂದಕ್ಕೆ ಎಚ್ಚರಿಕೆಯನ್ನು ಕೊಡುತ್ತದೆ.

ಹಾಗಾದರೆ ನಾಗವರ್ಮರು ಎಷ್ಟು ಮಂದಿ? ಛಂದೋಂಬುಧಿಯೂ ಕಾದಂಬರಿಯೂ ಒಬ್ಬನವಾದರೆ ಮೂವರು; ಇಬ್ಬರವಾದರೆ ನಾಲ್ವರು. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಇಷ್ಟನ್ನು ತಿಳಿಯಲು ನೂರು ವರ್ಷ ಹಿಡಿಯಿತು. ತಂದೆಯ ಹೆಸರು, ಒಡೆಯನ ಹೆಸರು, ಮತ, ಬಿರುದು, ಭಾಷೆಯ ರೂಪ, ಯಾರನ್ನು ಯಾರು ಉದಾಹರಿಸಿದರೆಂಬ ಲೆಕ್ಕ - ಇವೇ ವಿದ್ವಾಂಸನ ಕೈಯಲ್ಲಿರುವ ಸಲಕರಣೆಗಳು. ಇವುಗಳಲ್ಲಿ ಯಾವುದೊಂದೂ ಒಂಟಿಯಾಗಿ ನಂಬತಕ್ಕದ್ದಲ್ಲ. ದೊರೆಯ ಹೆಸರು ಮೋಸಮಾಡುವುದನ್ನು ಈಗತಾನೆ ಕಂಡೆವು. ಭಾಷೆಯ ರೂಪವೋ, ಪ್ರತಿಮಾಡುವವನು ತನ್ನ ಕಾಲದ ರೂಢಿಗೆ ತಿದ್ದಿಬಿಟ್ಟರೆ ಅದೂ ಸಾಕ್ಷಿಯಾಗಿ ಉಳಿಯದು. ಎರಡು ಮೂರು ಸಾಕ್ಷ್ಯಗಳು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಬಾಗಿಲಲ್ಲಿ ಕೂಡಿದಾಗ ಮಾತ್ರ ಹೌದೆನ್ನಬಹುದು.

ಪದ್ಯ ಚೆನ್ನಾಗಿದ್ದರೆ ಸಾಲದೆ, ಬರೆದವನು ಯಾರಾದರೇನು ಎಂದು ಕೇಳುವ ರಸಿಕರಿದ್ದಾರೆ. ಓದುವ ಹೊತ್ತಿಗೆ ಆ ಮಾತು ಸರಿ. ಆದರೆ ಒಬ್ಬನ ಶ್ರಮವನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆದಾಗ ಇಬ್ಬರಿಗೂ ಅನ್ಯಾಯವಾಗುತ್ತದೆ. ಎಲ್ಲವನ್ನೂ ಒಬ್ಬನಿಗೆ ಕೊಟ್ಟರೆ ಅವನು ಮನುಷ್ಯನಾಗಿ ಉಳಿಯದೆ ಪವಾಡಪುರುಷನಾಗುತ್ತಾನೆ. ಉಳಿದವರು ಹುಟ್ಟಿಯೇ ಇರಲಿಲ್ಲವೆಂದಂತಾಗುತ್ತದೆ. ಬೇರ್ಪಡಿಸಿ ನೋಡಿದಾಗ ಗಂಗರ ಆಶ್ರಯದಲ್ಲಿ ಹೆಂಡತಿಗೆ ಛಂದಸ್ಸನ್ನು ಹೇಳಿದ ಗೃಹಸ್ಥನೊಬ್ಬನು, ಚಕ್ರವರ್ತಿಯ ಬೀಡಿನಲ್ಲಿ ಪದಗಳ ಲೆಕ್ಕವಿಟ್ಟ ಉಪಾಧ್ಯಾಯನೊಬ್ಬನು, ಬಳ್ಳಿಗಾವೆಯಲ್ಲಿ ಶಿವನನ್ನು ನೆನೆದ ವಿರಕ್ತನೊಬ್ಬನು ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಕನ್ನಡದ ಸಂಪತ್ತು ಇದರಿಂದ ಕಡಿಮೆಯಾಗಲಿಲ್ಲ, ಒಬ್ಬನಿದ್ದಲ್ಲಿ ಮೂವರಾದರು.

ನಮ್ಮ ಬೀದಿಯ ವ್ಯಾಪಾರಿಗಳು ಆ ಕಾಗದವನ್ನು ಇಟ್ಟುಕೊಂಡಿದ್ದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಹೊಗಳಿಕೆ ಯಾರಿಗೆ ಬೇಡ? ಆದರೂ ತಮ್ಮದಲ್ಲದ್ದನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಸತ್ತ ಕವಿಗಳು ಎದ್ದು ಬಂದು ಹಾಗೆ ಮಾಡಲಾರರು. ಅವರ ಪರವಾಗಿ ಉತ್ತರೀಯವನ್ನು ಹೆಗಲಿಗೇರಿಸಿಕೊಂಡು ಬೀದಿಯಲ್ಲಿ ನಡೆಯಬೇಕಾದವರು ನಾವು.